ಕಾದ ತಟ್ಟೆ

ಮಗಳ ಹತ್ತನೇ ತರಗತಿಯ ಪರೀಕ್ಷೆ ಮುಗಿದ ವಾರವೇ ಅಪ್ಪಯ್ಯ ಮುಂಬೈಗೆ ಬಂದರು. 2010ರ ಮಾರ್ಚ್ ಕೊನೆ. ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ ಬೆಳ್ಳಂಬೆಳಗ್ಗೆ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದವರ ಹೆಗಲಿಗೆ ಒಂದು ಕೈಚೀಲ, ಕೈಯಲ್ಲಿ ಒಂದು ಗೋಣಿ. ಗೋಣಿಯಲ್ಲಿ ಎರಡು ಗುಜ್ಜೆ, ಹಳೇ ಪಂಚೆಯಲ್ಲಿ ಸುತ್ತಿದ ಮಿಡಿ ಉಪ್ಪಿನಕಾಯಿ ಭರಣಿ, ಅಮ್ಮ ಕಟ್ಟಿಕೊಟ್ಟ ಹಪ್ಪಳ. ರಿಕ್ಷಾದಲ್ಲಿ ಕೂತ ಮೇಲೆ ಮೊದಲು ಕೇಳಿದ್ದು ಮೊಮ್ಮಗಳ ಪರೀಕ್ಷೆಯ ವಿಷಯ.

ಮೊಮ್ಮಗಳು ಯಾವತ್ತೋ ತೀರ್ಮಾನ ಮಾಡಿ ಆಗಿತ್ತು. ಪರೀಕ್ಷೆ ಮುಗಿದ ಮೊದಲ ಭಾನುವಾರ ಮಧ್ಯಾಹ್ನ ಸಿಜ್ಲರ್, ಅದಾದ ಮೇಲೆ ಜೆಲಾಟೊ. ಅವಳ ತರಗತಿಯ ಹುಡುಗಿಯರೆಲ್ಲ ಹೋಗಿ ಬಂದಿದ್ದರು, ಇವಳೊಬ್ಬಳು ಬಾಕಿ. ಅಜ್ಜಯ್ಯನೂ ಬರಬೇಕು ಎಂದು ಹಟ ಹಿಡಿದಳು. ನನಗೆ ಅಳುಕು. ಅಪ್ಪಯ್ಯ 46 ವರ್ಷ ಮುಂಬೈಯ ಹೋಟೆಲುಗಳಲ್ಲಿ ದುಡಿದವರು. ಆದರೆ ಒಂದು ಹೋಟೆಲಿನ ಕುರ್ಚಿಯಲ್ಲಿ ಗಿರಾಕಿಯಾಗಿ ಕೂತು, ಇನ್ನೊಬ್ಬರು ತಂದು ಬಡಿಸಿದ್ದನ್ನು ತಿಂದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಅವರು ಮುಂಬೈಗೆ ಬಂದದ್ದು 1957ರಲ್ಲಿ, 12 ವರ್ಷದ ಹುಡುಗನಾಗಿ. ಅದರ ಹಿಂದಿನ ನವೆಂಬರಿನಲ್ಲಷ್ಟೇ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ನಮ್ಮ ಕಡೆಯ ಮನೆಗಳಿಗೆ ಅದರಿಂದ ಹೊಟ್ಟೆಪಾಡಿನ ದಾರಿಯೇನೂ ಬದಲಾಗಲಿಲ್ಲ. ಗದ್ದೆ ಸಾಲದ ಮನೆಯ ಗಂಡುಮಕ್ಕಳಿಗೆ ಬೊಂಬಾಯಿಯೇ ಗತಿ. ಕೊಂಕಣ ರೈಲು ಕನಸಿನಲ್ಲೂ ಇಲ್ಲದ ಕಾಲ. ಊರಿನ ಯಾರೋ ಒಬ್ಬರ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಘಟ್ಟ ಹತ್ತಿ, ಆಮೇಲೆ ರೈಲು ಹಿಡಿದು, ಮೂರನೇ ದಿನ ಕೋಟೆ ಭಾಗದ, ಅಂದರೆ ಫೋರ್ಟಿನ, ಒಂದು ಹೋಟೆಲಿನ ಹಿಂಬಾಗಿಲಿನಲ್ಲಿ ನಿಂತರಂತೆ. ಮೇಜು ಒರೆಸುವ ಮಾಣಿಯಿಂದ ಶುರು. ಕಪ್ಪು ಬಸಿ ತೊಳೆದರು, ಸಪ್ಲೈಯರ್ ಆದರು, ರಾತ್ರಿ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಸ್ಲೇಟು ಹಿಡಿಯುತ್ತಿದ್ದ ಶಾಲೆಗಳವು. ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಅಕ್ಷರ ಕೊಟ್ಟವು. ಆಮೇಲೆ ಮಾಟುಂಗಕ್ಕೆ ಬಂದು ದೋಸೆಯ ಕಾವಲಿ ಹಿಡಿದವರು 2003ರಲ್ಲಿ ಊರಿಗೆ ಮರಳುವ ತನಕ ಅದನ್ನು ಬಿಡಲಿಲ್ಲ.

ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಬೇಸಗೆ ರಜೆಯಲ್ಲಿ ಅಮ್ಮನ ಜೊತೆ ಮುಂಬೈಗೆ ಬಂದಿದ್ದೆ. ಮಾಟುಂಗ ಸ್ಟೇಷನ್ನಿಗೆ ಇಳಿದರೆ ಬೊಂಬಾಯಿ ಅನ್ನಿಸುವುದಿಲ್ಲ. ಮಲ್ಲಿಗೆ ದಂಡೆ, ಬಾಳೆಲೆಯ ಕಟ್ಟು, ಹುರಿದ ಕಾಫಿಬೀಜದ ವಾಸನೆ. 1942ರಿಂದ ಬಾಳೆಲೆಯಲ್ಲಿ ಊಟ ಬಡಿಸುತ್ತಿದ್ದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮುಂದೆ ಜನ ಸಾಲಾಗಿ ನಿಂತದ್ದನ್ನು ಕಂಡು, ಇಷ್ಟು ಜನರಿಗೆ ಮನೆ ಇಲ್ಲವಾ ಎಂದು ನಾನು ಅಮ್ಮನನ್ನು ಕೇಳಿದ್ದು ನೆನಪಿದೆ. ಅಪ್ಪಯ್ಯನ ಹೋಟೆಲು ಅಲ್ಲಿಂದ ದೂರವಿರಲಿಲ್ಲ. ಅಡುಗೆಮನೆಯ ಬಾಗಿಲಿನ ಹತ್ತಿರ ಒಂದು ಹಿಟ್ಟಿನ ಡಬ್ಬಿಯ ಮೇಲೆ ನನ್ನನ್ನು ಕೂರಿಸಿದ್ದರು.

ಕಾವಲಿ ಅಂದರೆ ನಮ್ಮ ಮನೆಯ ಕಾವಲಿಯಲ್ಲ. ಎರಡು ಕೈ ಅಗಲಿಸಿದರೂ ತುದಿ ಮುಟ್ಟದಷ್ಟು ಉದ್ದದ ಕಬ್ಬಿಣದ ಹಲಗೆ. ಅಪ್ಪಯ್ಯ ಬೊಗಸೆಯಲ್ಲಿ ನೀರು ತೆಗೆದು ಎರಚುತ್ತಿದ್ದರು. ಒಂದು ಸಲ ನೀರು ಚುಂಯ್ ಎಂದು ಒದರಿ ಅಲ್ಲೇ ಆವಿಯಾಯಿತು. ಇನ್ನೊಂದು ಸಲ ಹನಿಗಳು ಸದ್ದೇ ಮಾಡದೆ ಪಾದರಸದ ಗುಂಡುಗಳ ಹಾಗೆ ಕಾವಲಿಯ ತುಂಬ ಓಡಾಡಿದವು. ನನಗೆ ಅದು ಚಂದ ಕಂಡಿತು. ಅಪ್ಪಯ್ಯನಿಗೆ ಅದು ಬೇಡ. ಹನಿ ಕುಣಿದರೆ ಕಾವಲಿ ಕಾದದ್ದು ಜಾಸ್ತಿಯಾಯಿತು, ಈಗ ಹಿಟ್ಟು ಹಾಕಿದರೆ ಕಚ್ಚಿಕೊಳ್ಳುವುದಿಲ್ಲ, ಸೌಟಿನ ಹಿಂದೆಯೇ ಎದ್ದು ಬರುತ್ತದೆ. ಇನ್ನಷ್ಟು ನೀರು ಎರಚಿ, ಕಡ್ಡಿ ಹಿಡಿಯಿಂದ ಗುಡಿಸಿ, ಚುಂಯ್ ಎಂಬ ಸದ್ದು ವಾಪಸು ಬಂದ ಮೇಲೆಯೇ ಹಿಟ್ಟು. ಎಷ್ಟೋ ವರ್ಷದ ಮೇಲೆ ನಾನು ಓದಿದೆ, ಲೈಡೆನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯರು 1756ರಲ್ಲಿ ಕೆಂಪಗೆ ಕಾದ ಚಮಚದ ಮೇಲೆ ನೀರ ಹನಿ ಬಿಟ್ಟು ಇದನ್ನೇ ಬರೆದಿಟ್ಟಿದ್ದರಂತೆ. ಲೋಹ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹನಿಯ ತಳ ಮುಟ್ಟುವ ಮೊದಲೇ ಆವಿಯಾಗಿ, ಆ ಆವಿಯ ಮೆತ್ತೆಯ ಮೇಲೆ ಉಳಿದ ಹನಿ ತೇಲುತ್ತದೆ. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಮಾಟುಂಗದ ಆ ಮಧ್ಯಾಹ್ನವೇ. ಅಪ್ಪಯ್ಯನಿಗೆ ಡಿಗ್ರಿ ಗೊತ್ತಿರಲಿಲ್ಲ. ಅವರು ಕಿವಿಯಿಂದ ಅಳೆಯುತ್ತಿದ್ದರು.

"ಕಾವಲಿ ಕಾಯ್ಕ್, ಗಿರಾಕಿ ಕಾಯುಕಾಗ" ಎನ್ನುವುದು ಅವರ ಮಾತು. ಕಾವಲಿ ಕಾಯಬೇಕು, ಗಿರಾಕಿ ಕಾಯಬಾರದು. ನಮ್ಮ ಭಾಷೆಯಲ್ಲಿ ಬೆಂಕಿಯ ಮೇಲಿದ್ದ ಕಬ್ಬಿಣ ಮಾಡುವುದಕ್ಕೂ, ಹಸಿದು ಕೂತ ಮನುಷ್ಯ ಮಾಡುವುದಕ್ಕೂ ಒಂದೇ ಶಬ್ದ. ಅಪ್ಪಯ್ಯನ ಇಡೀ ಕಸುಬು ಆ ಒಂದು ಶಬ್ದದ ಎರಡು ಅರ್ಥಗಳ ನಡುವೆ ನಿಂತಿತ್ತು.

ಅವತ್ತು ಅವರು ಉಂಡದ್ದನ್ನೂ ನೋಡಿದೆ. ಮಧ್ಯಾಹ್ನದ ಗಿರಾಕಿಗಳು ಕರಗುವಾಗ ಮೂರೂವರೆ ಗಂಟೆ. ಒಲೆ ಆರಿಸಿ, ಕಾವಲಿಗೆ ಎಣ್ಣೆ ಸವರಿ, ಕೈ ತೊಳೆದು ಗೋಡೆಗೆ ಒರಗಿ ಕೂತರು. ಸ್ಟೀಲ್ ತಟ್ಟೆಯಲ್ಲಿ ಉಳಿದ ಅನ್ನ, ಮೇಲೆ ಕೆನೆಗಟ್ಟಿದ ಸಾರು. ಅನ್ನದ ಉಂಡೆಯನ್ನು ಬೆರಳಿನಿಂದ ಒಡೆಯಬೇಕಿತ್ತು, ಅಷ್ಟು ತಣ್ಣಗಾಗಿತ್ತು. ಐದು ನಿಮಿಷದಲ್ಲಿ ಊಟ ಮುಗಿಸಿ ಎದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಅಮ್ಮ ಏನೂ ಹೇಳಲಿಲ್ಲ. ಅವಳು ಊರಿನಲ್ಲಿ ಉಣ್ಣುತ್ತಿದ್ದುದೂ ಹಾಗೆಯೇ. ಅತ್ತೆ ಮಾವ, ಮಕ್ಕಳು, ಗದ್ದೆಯ ಆಳುಗಳು, ಎಲ್ಲರದ್ದೂ ಮುಗಿದು ಪಾತ್ರೆಯ ತಳ ಕಂಡ ಮೇಲೆ. ಗಂಡ ಹೆಂಡತಿ ನೂರಾರು ಮೈಲಿ ದೂರದಲ್ಲಿದ್ದುಕೊಂಡು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದೇ ತರಹ ತಣ್ಣಗಾದ ಅನ್ನ ಉಂಡರು ಎಂಬುದು ನನಗೆ ಹೊಳೆದದ್ದು ನಾನು ಸಂಸಾರ ಹೂಡಿದ ಮೇಲೆ.

ಹೋಟೆಲಿಗೆ ಹೋಗುವ ಮಾತು ತೆಗೆದಾಗ ಅಪ್ಪಯ್ಯ, "ನಂಗೆಂತಕೆ ಮಗಾ, ನೀವ್ ಹೋಯ್ ಬನ್ನಿ" ಅಂದರು. ಮೊಮ್ಮಗಳು ಕೈ ಹಿಡಿದು ಎಳೆದಳು. ಅವಳ ಮಾತಿಗೆ ಅವರಲ್ಲಿ ಉತ್ತರವಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ತಯಾರಾದರು.

ಹೋಟೆಲು ವಿಲೆ ಪಾರ್ಲೆಯಲ್ಲಿ, ಗುಜರಾತಿಗಳು ಹೆಚ್ಚಿರುವ ಕಡೆ. ಹಾಗಾಗಿ ಪೂರಾ ಸಸ್ಯಾಹಾರಿ, ಅದನ್ನು ವಿಚಾರಿಸಿಯೇ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಅಪ್ಪಯ್ಯ ನಿಂತುಬಿಟ್ಟರು. ಎಸಿಯ ಚಳಿ, ಮಂದ ಬೆಳಕು, ಅದರ ನಡುವೆ ಅಡುಗೆಮನೆಯ ಬಾಗಿಲು ಪ್ರತಿ ಸಲ ತೆರೆದಾಗಲೂ ಆ ಸದ್ದು. ಚುಂಯ್ ಎಂದು ಶುರುವಾಗಿ ಮೇಜಿನಿಂದ ಮೇಜಿಗೆ ನಡೆದುಹೋಗುವ ಸದ್ದು. ಹಿಂದೆಯೇ ಹೊಗೆ. ತಟ್ಟೆ ಹೋದ ಕಡೆಗೆಲ್ಲ ಜನ ತಿರುಗಿ ನೋಡುತ್ತಿದ್ದರು. ಅಪ್ಪಯ್ಯ ತಟ್ಟೆ ನೋಡಲಿಲ್ಲ, ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡರು. ಮಾಟುಂಗದಲ್ಲಿ ಹಿಟ್ಟಿಗೆ ಮುಂಚೆ ಹೇಗೆ ಕಿವಿಗೊಡುತ್ತಿದ್ದರೋ ಹಾಗೆ.

"ಕಾವು ಸಮ ಇತ್ತ್" ಅಂದರು. ಕೂತದ್ದು ಆಮೇಲೆ.

ಮೆನು ಮೊಮ್ಮಗಳ ಕೈಗೆ ಕೊಟ್ಟೆವು. ಅವಳು ತನಗೊಂದು ಪನೀರ್ ಶಾಶ್ಲಿಕ್, ಅಜ್ಜಯ್ಯನಿಗೆ ತರಕಾರಿ ಕಟ್ಲೆಟ್ಟಿನದು, ನನಗೊಂದು ಹಕ್ಕಾ ನೂಡಲ್ಸ್ ಇರುವಂಥದ್ದು ಹೇಳಿದಳು. ಬರುವ ತನಕ ಅಪ್ಪಯ್ಯ ಮೇಜಿನ ಮೇಲಿನ ಉಪ್ಪು ಮೆಣಸಿನ ಡಬ್ಬಿಗಳನ್ನು ಸರಿಸಿ ನಡುವೆ ಜಾಗ ಮಾಡಿದರು, ಕಾಗದದ ಕರವಸ್ತ್ರಗಳನ್ನು ದೂರ ಇಟ್ಟರು. ಬಿಸಿ ಬರುವ ಮೇಜನ್ನು ತಯಾರು ಮಾಡುವುದು ಅವರ ಕೈಗೆ ಗೊತ್ತು.

ನಂತರ ಒಂದು ವಿಷಯ ಹೇಳಿದರು, ನಾನು ಅದುವರೆಗೆ ಕೇಳಿರದದ್ದು. ಫೋರ್ಟಿನಲ್ಲಿ ಸಪ್ಲೈಯರ್ ಆಗಿದ್ದ ಕಾಲದಲ್ಲಿ, ಎಕ್ಸೆಲ್ಸಿಯರ್ ಟಾಕೀಸಿನ ಹತ್ತಿರ ಒಂದು ಇರಾನಿ ಹೋಟೆಲಿನಲ್ಲಿ ಹೊಗೆಯಾಡುವ ತಟ್ಟೆ ಕೊಡುತ್ತಾರಂತೆ ಎಂದು ಹುಡುಗರೆಲ್ಲ ಮಾತಾಡಿಕೊಳ್ಳುತ್ತಿದ್ದರಂತೆ. ರಾತ್ರಿ ಶಾಲೆ ಬಿಟ್ಟು ಬರುವಾಗ ಒಂದೆರಡು ಸಲ ಆ ದಾರಿಯಲ್ಲಿ ನಿಧಾನಕ್ಕೆ ನಡೆದಿದ್ದರಂತೆ. ಒಳಗೆ ಹೋಗುವ ಯೋಚನೆ ಮಾಡಲಿಲ್ಲ, ಅಷ್ಟು ದುಡ್ಡು ತಿಂಗಳ ಸಂಬಳದಲ್ಲೂ ಇರಲಿಲ್ಲ. ಬಾಗಿಲು ತೆರೆದಾಗ ಸದ್ದು ಕೇಳುತ್ತದಾ ಎಂದಷ್ಟೇ. ಕೇಳಿತಾ ಎಂದು ಮೊಮ್ಮಗಳು ಕೇಳಿದಳು. "ಟ್ರಾಮಿನ ಸದ್ದಲ್ಲಿ ಎಂತ ಕೇಂತ್" ಅಂದರು.

ನಮ್ಮ ದೇಶದ ಸಿಜ್ಲರಿನ ಕಥೆ ಶುರುವಾಗುವುದು ಅಲ್ಲಿಯೇ. 1960ರ ದಶಕದಲ್ಲಿ ಫಿರೋಜ್ ಇರಾನಿಯವರು ಎಕ್ಸೆಲ್ಸಿಯರ್ ಟಾಕೀಸಿನಲ್ಲಿ ಅದನ್ನು ಮುಂಬೈಗೆ ಪರಿಚಯಿಸಿದರು. ಅದೇ ಮನೆತನದವರು ಪುಣೆಯ ಕ್ಯಾಂಪಿಗೂ ಒಯ್ದರು, 1980ರ ದಶಕದಲ್ಲಿ ಸಾಂತಾಕ್ರೂಜಿನಲ್ಲಿ ಯೋಕೋ ಶುರುವಾಯಿತು. ಯೋಕೋ, ಕೋಬೆ ಎಂದು ಕೆಲವು ಸಿಜ್ಲರ್ ಹೋಟೆಲುಗಳ ಹೆಸರುಗಳು ಜಪಾನಿನವು, ಕಬ್ಬಿಣದ ಹಲಗೆಯ ಮೇಲೆ ಬೇಯಿಸುವ ಜಪಾನಿ ತೆಪ್ಪನ್‌ಯಾಕಿಯನ್ನು ನೆನಪಿಸುವಂಥವು. ತಟ್ಟೆಯಲ್ಲಿರುವುದು ಮಾತ್ರ ಅಪ್ಪಟ ಮುಂಬೈ. ಒಂದು ಕಡೆ ಚೀನಾದ ನೂಡಲ್ಸ್ ಅಥವಾ ಅನ್ನ, ಇನ್ನೊಂದು ಕಡೆ ಇಂಗ್ಲಿಷರ ಕಟ್ಲೆಟ್ಟು, ಬೇಯಿಸಿದ ಬೀನ್ಸು ಕ್ಯಾರೆಟ್ಟು, ಆಲೂಗಡ್ಡೆ ಚಿಪ್ಸು, ಎಲ್ಲದರ ಮೇಲೆ ಬೆಳ್ಳುಳ್ಳಿಯ ಕಂದು ಸಾಸು. ಒಂದೇ ಓಣಿಯಲ್ಲಿ ಹತ್ತು ಜಾತಿಯ ಬಿಡಾರ ಇದ್ದ ಹಾಗೆ. ಈ ಊರಿನಲ್ಲಿ ಅದು ಹುಟ್ಟಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಇರಾನಿಗಳ ಹಾಗೆಯೇ ನಮ್ಮವರೂ ಊರು ಬಿಟ್ಟು ಬಂದು ಇನ್ನೊಬ್ಬರ ಹೊಟ್ಟೆ ತುಂಬಿಸಿ ಬದುಕಿದವರು. ಚಹಾ ಬನ್ ಮಸ್ಕಾ ಅವರದ್ದು, ಇಡ್ಲಿ ದೋಸೆ ನಮ್ಮದು. ಎದುರುಬದುರು ಅಂಗಡಿಯವರು.

ತಟ್ಟೆಗಳು ಬಂದವು. ಹುಡುಗ ದಪ್ಪ ಬಟ್ಟೆಯಲ್ಲಿ ಮರದ ಹಲಗೆ ಹಿಡಿದು ಒಂದೊಂದಾಗಿ ಇಳಿಸಿದ. "ಹಾಥ್ ಮತ್ ಲಗಾನಾ ಅಂಕಲ್" ಅಂದ. ಅಪ್ಪಯ್ಯ ತಲೆಯಾಡಿಸಿದರು. ಸಾಸು ಕಬ್ಬಿಣಕ್ಕೆ ತಾಗಿದ ಕಡೆಯೆಲ್ಲ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿದ್ದವು. ಬೆಣ್ಣೆಯ ತುಂಡೊಂದು ಕಟ್ಲೆಟ್ಟಿನ ನೆತ್ತಿಯಿಂದ ಜಾರಿ, ಅಂಚು ಮುಟ್ಟಿ, ಒಮ್ಮೆಲೇ ನೊರೆಯಾಗಿ ಕಂದು ಬಣ್ಣಕ್ಕೆ ತಿರುಗಿತು. ಹೊಗೆ ನೇರ ಅವರ ಕನ್ನಡಕಕ್ಕೆ ಹೊಡೆಯಿತು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಚಮಚದಲ್ಲಿ ಅನ್ನ ಸ್ವಲ್ಪ ಎತ್ತಿ ಕೆಳಗೆ ನೋಡಿದರು. ಕ್ಯಾಬೇಜಿನ ಎಲೆ.

"ಕಾಣ್" ಎಂದು ನನ್ನನ್ನು ಕರೆದರು. ಎಲೆ ಹಾಸಿದ್ದು ಅಲಂಕಾರಕ್ಕಲ್ಲ. ಎಲೆಯ ನೀರು ಆವಿಯಾಗುವ ತನಕ ಮೇಲಿನದು ಕರಟುವುದಿಲ್ಲ. ಎಲೆಯ ಅಂಚು ಸುಟ್ಟರೂ ಅನ್ನ ಸುಡುವುದಿಲ್ಲ. ಆ ಎಲೆಯ ಆವಿಯೇ ಅರ್ಧ ಸದ್ದು. ಸಾಸನ್ನು ಅಡುಗೆಮನೆಯಲ್ಲಿ ಮೊದಲೇ ಹೊಯ್ದರೆ ಸದ್ದು ಅಲ್ಲಿಯೇ ಸತ್ತುಹೋಗುತ್ತದೆ, ಹಾಗಾಗಿ ಬಾಗಿಲು ದಾಟುವ ಮುಂಚೆ ಕಡೇ ಗಳಿಗೆಯಲ್ಲಿ ಹೊಯ್ದಿರಬೇಕು. ಬೀಡು ಕಬ್ಬಿಣ ಕಾಯುವುದು ನಿಧಾನ, ಆರುವುದು ಇನ್ನೂ ನಿಧಾನ. ಮರ ಕಾವನ್ನು ಕೆಳಗೆ ಬಿಡುವುದಿಲ್ಲ. ಇಷ್ಟನ್ನೂ ಅವರು ಯಾರನ್ನೂ ಕೇಳಲಿಲ್ಲ, ಚಮಚದ ತುದಿಯಿಂದ ಅಲ್ಲಿ ಇಲ್ಲಿ ಎತ್ತಿ ನೋಡಿಯೇ ಹೇಳಿದರು. ಮೊಮ್ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳಿಗೆ ಗೊತ್ತಿದ್ದ ಅಜ್ಜಯ್ಯ ರಜೆಯಲ್ಲಿ ಎಳನೀರು ಕೆತ್ತಿಕೊಡುವವರು, ಬಾವಿಯಿಂದ ನೀರು ಸೇದುವವರು. ಕಬ್ಬಿಣವನ್ನು ಓದಬಲ್ಲ ಈ ಮನುಷ್ಯನನ್ನು ಅವಳು ಮೊದಲು ಕಂಡದ್ದು ಅವತ್ತು.

"ತಿನ್ನಿ ಅಜ್ಜಯ್ಯ, ತಣ್ಣಗಾಗ್ತದೆ" ಅಂದಳು.

ಅಪ್ಪಯ್ಯ ತಿನ್ನಲಿಲ್ಲ. ಮೊದಲು ಅವಳ ತಟ್ಟೆಗೆ ಒಂದು ಕಟ್ಲೆಟ್ ಹಾಕಿದರು, ನನಗೆ ನಾಲ್ಕು ಚಿಪ್ಸ್. ಹುಡುಗ ನೀರು ತಂದನಾ, ಎಲ್ಲರಿಗೂ ಚಮಚ ಇದೆಯಾ ಎಂದು ನೋಡಿದರು. ಪಕ್ಕದ ಮೇಜಿನವರು ಕೈಯೆತ್ತಿ ಯಾರನ್ನೋ ಕರೆದಾಗ ಇವರೇ ಅರ್ಧ ಎದ್ದು ಕೂತರು. ನಾನು ಮೊಣಕೈ ಹಿಡಿದೆ. ನಾವಿಬ್ಬರೂ ಮುಕ್ಕಾಲು ಮುಗಿಸಿದ ಮೇಲೆ, ಇನ್ನು ಯಾರಿಗೂ ಏನೂ ಬೇಡ ಎಂದು ಖಾತ್ರಿಯಾದ ಮೇಲೆ, ತಮ್ಮ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಹತ್ತು ನಿಮಿಷವಾದರೂ ಆಗಿತ್ತು. ಸದ್ದು ನಿಂತಿತ್ತು.

ಮೊದಲ ಚಮಚ ಬಾಯಿಗಿಟ್ಟವರು ತಟ್ಟನೆ ನನ್ನ ಮುಖ ನೋಡಿದರು. ಬಾಯಿ ತೆರೆದು ಹಾ ಹಾ ಎಂದು ಉಸಿರು ಬಿಟ್ಟರು. ಬಿಸಿ.

ಆಮೇಲೆ ಮಾತಾಡಲಿಲ್ಲ. ಐದು ನಿಮಿಷದಲ್ಲಿ ಊಟ ಮುಗಿಸುವವರು ಅವತ್ತು ಒಂದೊಂದೇ ಚಮಚ ಊದಿ ಊದಿ ತಿಂದರು. ನಡುವೆ ನಿಲ್ಲಿಸಿ ತಟ್ಟೆಯ ಮೇಲೆ ಅಂಗೈ ಚಾಚಿ ಕಾವು ನೋಡಿದರು, ಮತ್ತೆ ತಿಂದರು. ಅವಸರ ಮಾಡುವ ಅಗತ್ಯವಿರಲಿಲ್ಲ. ಕಬ್ಬಿಣ ಅವರಿಗಾಗಿ ಕಾದಿತ್ತು. ಎರಡೂ ಅರ್ಥದಲ್ಲಿ. ಕೊನೆಗೆ ಕ್ಯಾಬೇಜಿನ ಸುಟ್ಟ ಎಲೆಯನ್ನೂ ಬಿಡದೆ ಬಳಿದು ತಿಂದು ಚಮಚ ಇಟ್ಟರು.

"ಕಡೀ ತುತ್ತೂ ಬಿಸಿ ಇದ್ದಿತ್ ಕಾಣ್" ಅಂದರು.

ನನಗೆ ಮೂರೂವರೆ ಗಂಟೆಯ ಆ ಸ್ಟೀಲ್ ತಟ್ಟೆ ಕಣ್ಣಿಗೆ ಕಟ್ಟಿ, ಗಂಟಲು ಬಿಗಿಯಿತು. ಮೆನು ತೆಗೆದು ಮುಖಕ್ಕೆ ಅಡ್ಡ ಹಿಡಿದೆ.

ಬಿಲ್ಲು ಕೊಟ್ಟು ಹೊರಟೆವು. ಬಾಗಿಲ ಹತ್ತಿರ ಅಪ್ಪಯ್ಯ ನಮಗೆ ಬಡಿಸಿದ ಹುಡುಗನನ್ನು ನಿಲ್ಲಿಸಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು, ನಿನ್ನದು ಊಟ ಆಯಿತಾ ಎಂದು. ಹುಡುಗ ನಕ್ಕು, ನಾಲ್ಕು ಗಂಟೆಗೆ ಅಂಕಲ್, ಅಂದ. ಅಪ್ಪಯ್ಯ ಅವನ ಬೆನ್ನ ಮೇಲೆ ಕೈಯಿಟ್ಟರು.

ಬಿಸಿಲಲ್ಲಿ ಜುಹೂ ಕಡೆಗೆ ರಿಕ್ಷಾ ಹಿಡಿದೆವು. ಜುಹೂ ಸ್ಕೀಮಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮಿನ ಅಂಗಡಿ ಕಂಡದ್ದೇ ಅಪ್ಪಯ್ಯ, "ನಮ್ಮ ಮೂಲ್ಕಿಯವ್ರದ್ದ್" ಎಂದು ಮೊಮ್ಮಗಳಿಗೆ ತೋರಿಸಿದರು. ರಘುನಂದನ ಕಾಮತರು. ಮೂಲ್ಕಿಯಲ್ಲಿ ಹಣ್ಣು ಮಾರುತ್ತಿದ್ದವರ ಮಗ. 1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ಅಂಗಡಿ ತೆರೆದಾಗ ಐಸ್‌ಕ್ರೀಮಿನ ಜೊತೆ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರಿಗೆ ತಂಪು ಬೇಕಾಗುತ್ತದಲ್ಲ. ಎಳನೀರಿನ ಗಂಜಿಯನ್ನೂ ಹಲಸಿನ ತೊಳೆಯನ್ನೂ ಐಸ್‌ಕ್ರೀಮಿಗೆ ಹಾಕಿ ಬೊಂಬಾಯಿಯವರ ಬಾಯಿಗೆ ನಮ್ಮ ಕರಾವಳಿಯನ್ನು ಇಟ್ಟವರು. ಹಣ್ಣಿನ ವ್ಯಾಪಾರಿಯ ಮಗನಿಗೆ ಯಾವ ಹಣ್ಣು ಯಾವ ದಿನ ಹದವಾಗುತ್ತದೆ ಎಂದು ಗೊತ್ತಿರುತ್ತದೆ. ಅವರ ಐಸ್‌ಕ್ರೀಮಿನ ಗುಟ್ಟು ಅದೇ ಎಂದು ಅಪ್ಪಯ್ಯನ ನಂಬಿಕೆ, ನನ್ನದೂ ಹೌದು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ನೆನಪಾದದ್ದು ರಿಕ್ಷಾದಿಂದ ಬೆರಳು ತೋರಿಸುತ್ತಿದ್ದ ಅಪ್ಪಯ್ಯನ ಕೈ.

ಆದರೆ ಅವತ್ತಿನ ಗುರಿ ಜೆಲಾಟೊ. ಸಣ್ಣ ಅಂಗಡಿ, ಗಾಜಿನ ಪೆಟ್ಟಿಗೆಯೊಳಗೆ ಸ್ಟೀಲ್ ತೊಟ್ಟಿಗಳು, ಅದರಲ್ಲಿ ಬಣ್ಣ ಬಣ್ಣದ ಗುಡ್ಡೆಗಳು. ಹುಡುಗಿ ಚಿಕ್ಕ ಪ್ಲಾಸ್ಟಿಕ್ ಚಮಚದಲ್ಲಿ ರುಚಿ ನೋಡಲು ಕೊಡುತ್ತಿದ್ದಳು. ಮೊಮ್ಮಗಳು ಆರು ಬಗೆ ನೋಡಿದಳು. ಅಪ್ಪಯ್ಯನಿಗೆ ಕೊಟ್ಟದ್ದು ಪಿಸ್ತಾ. ಒಂದು ಚಮಚ ಬಾಯಿಗೆ ಹಾಕಿಕೊಂಡವರು, ಇದನ್ನೇ ಕೊಡಿ ಎಂದರು. ಬೇರೆಯದನ್ನೂ ನೋಡಿ ಎಂದರೆ ಕೇಳಲಿಲ್ಲ. ಒಬ್ಬರು ಮಾಡಿದ್ದನ್ನು ರುಚಿ ನೋಡಿ ಬೇಡ ಎಂದು ಹೇಳುವುದು ಅವರಿಗೆ ಆಗದ ಮಾತು. ಆ ಪಿಸ್ತಾ ಮಿಠಾಯಿ ಅಂಗಡಿಯ ಗಿಣಿಹಸುರಲ್ಲ, ಪಾಚಿಯ ಹಾಗೆ ಮಂಕು ಹಸುರು. ಅದನ್ನು ಕಂಡು, ಬಣ್ಣ ಹಾಕಿಲ್ಲ ಎಂದು ಸಮಾಧಾನಪಟ್ಟರು.

ಹುಡುಗಿ ಚಪ್ಪಟೆ ಸಟ್ಟುಗದಂಥದ್ದರಲ್ಲಿ ಜೆಲಾಟೊವನ್ನು ತೊಟ್ಟಿಯ ಬದಿಗೆ ಒತ್ತಿ, ಮಗುಚಿ, ಇನ್ನೊಮ್ಮೆ ಒತ್ತಿ ಕಪ್ಪಿಗೆ ಹಚ್ಚಿದಳು. ಐಸ್‌ಕ್ರೀಮಿನ ಹಾಗೆ ಗುಂಡು ತೋಡಲಿಲ್ಲ. ಯಾಕೆ ಎಂದು ಅಪ್ಪಯ್ಯ ಕೇಳಿದರು. ಗುಂಡು ಮಾಡುವಷ್ಟು ಗಟ್ಟಿ ಇರುವುದಿಲ್ಲ ಅಂಕಲ್, ಎಂದಳು ಆಕೆ. ಐಸ್‌ಕ್ರೀಮನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುತ್ತಾರೆ, ಜೆಲಾಟೊವನ್ನು ಸುಮಾರು 12 ಡಿಗ್ರಿ ಕೆಳಗೆ. ಕೆನೆ ಕಡಿಮೆ, ಹಾಲು ಹೆಚ್ಚು. ಯಂತ್ರ ನಿಧಾನ ತಿರುಗುವುದರಿಂದ ಗಾಳಿ ಸೇರುವುದೂ ಕಡಿಮೆ. ಹಾಗಾಗಿ ಒಂದೇ ಕಪ್ಪು, ಆದರೆ ಕೈಗೆ ಭಾರ. ಅಷ್ಟು ಕೊರೆಯುವ ಚಳಿ ಇಲ್ಲದ್ದರಿಂದ ನಾಲಿಗೆ ಮರಗಟ್ಟುವುದಿಲ್ಲ, ರುಚಿ ಬೇಗ ಹತ್ತುತ್ತದೆ. ಇಟಲಿಯವರ ಭಾಷೆಯಲ್ಲಿ ಜೆಲಾಟೊ ಎಂದರೆ ಹೆಪ್ಪುಗಟ್ಟಿದ್ದು, ಅಷ್ಟೇ. ಗಾಳಿಯ ವಿಷಯ ಕೇಳಿ ಅಪ್ಪಯ್ಯನ ಮುಖ ಅರಳಿತು. "ನಿಧಾನಕ್ಕೇ ತಿರ್ಗುಸ್ಕ್" ಎಂದು ತಾವೇ ಹೇಳಿದವರ ಹಾಗೆ ಹೇಳಿದರು.

ಹೊರಗೆ ಕಟ್ಟೆಯ ಮೇಲೆ ಕೂತೆವು. ಅಪ್ಪಯ್ಯ ಮೊಮ್ಮಗಳಿಗೆ ಸಂಚಾದ, ಅಂದರೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಬಾಲ್ದಿಯ, ಕಥೆ ಹೇಳತೊಡಗಿದರು. ಫೋರ್ಟಿನ ಹೋಟೆಲಿನಲ್ಲಿ ಬೇಸಗೆಯ ಭಾನುವಾರಗಳಲ್ಲಿ ಮಾವಿನ ಐಸ್‌ಕ್ರೀಮ್. ಮರದ ಬಾಲ್ದಿ, ನಡುವೆ ತಗಡಿನ ಡಬ್ಬಿ, ಸುತ್ತ ಮಂಜುಗಡ್ಡೆಯ ಚೂರು ಮತ್ತು ಹರಳುಪ್ಪು. ಉಪ್ಪು ಬಿದ್ದ ಮಂಜು ಬೇಗ ಕರಗುತ್ತದೆ, ಕರಗುವಾಗ ಸುತ್ತಲಿನ ಕಾವನ್ನೆಲ್ಲ ಎಳೆದುಕೊಂಡು ಬರೀ ಮಂಜುಗಡ್ಡೆಗಿಂತಲೂ ತಣ್ಣಗಾಗುತ್ತದೆ, ಹಾಲು ಹೆಪ್ಪುಗಟ್ಟುವಷ್ಟು. ಹಿಡಿಕೆ ತಿರುಗಿಸುವುದು ಹದಿಮೂರು ವರ್ಷದ ಮಾಣಿಯ ಕೆಲಸ. ಬೇಗ ಮುಗಿಯಲಿ ಎಂದು ಜೋರಾಗಿ ತಿರುಗಿಸಿದರೆ ಭಟ್ಟರು ತಲೆಗೆ ಮೊಟಕುತ್ತಿದ್ದರು. ಬಾಲ್ದಿಯ ಕೆಳಗಿನ ತೂತಿನಿಂದ ಉಪ್ಪುನೀರು ಸೋರಿ ಕಾಲ ಕೆಳಗೆ ಹರಿಯುತ್ತಿತ್ತು. ದಿನವಿಡೀ ನೀರಲ್ಲಿ ನಿಂತು ಬೆರಳ ಸಂದು ಒಡೆದ ಕಾಲು. ಉಪ್ಪು ತಾಗಿದರೆ ಜೀವ ಹೋಗುವಷ್ಟು ಉರಿ. ಆದರೆ ಹಿಡಿಕೆ ಬಿಡುವಂತಿಲ್ಲ, ನಿಂತರೆ ಅಂಚಿನಲ್ಲಿ ಮಂಜಿನ ಹರಳು ಕಟ್ಟುತ್ತದೆ. ಹಿಡಿಕೆ ಬಿಗಿಯಾಗಿ ಇನ್ನು ತಿರುಗುವುದಿಲ್ಲ ಎಂದಾಗ ಐಸ್‌ಕ್ರೀಮು ಆಯಿತೆಂದು ಲೆಕ್ಕ.

"ನಿಮಗೆ ಕೊಡ್ತಿದ್ರಾ ಅಜ್ಜಯ್ಯ?" ಎಂದಳು ಮಗಳು.

"ಉಳದ್ರೆ. ಉಳೀತಿರ್ಲಿಲ್ಲ."

ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು, ಬಿಸಿಲು ಬಂತು ಎಂದ ಹಾಗೆ ಹೇಳಿದರು. ಹೇಳುತ್ತಾ ಹೇಳುತ್ತಾ ಕೈಯಲ್ಲಿದ್ದ ಜೆಲಾಟೊ ಅಂಚಿನಿಂದ ಕರಗಿ ನುಣ್ಣಗೆ ಹೊಳೆಯತೊಡಗಿತ್ತು. ಮೊಮ್ಮಗಳು ಅವರ ಮಾತು ತಡೆದು ಕೈಯಿಂದ ಚಮಚ ತೆಗೆದುಕೊಂಡು, ತುಂಬ ಎತ್ತಿ, ಅವರ ಬಾಯಿಯ ಹತ್ತಿರ ಹಿಡಿದಳು. "ಮೊದ್ಲು ತಿನ್ನಿ, ಕಥೆ ಆಮೇಲೆ. ಇದು ಕಾಯೋದಿಲ್ಲ."

ಅಪ್ಪಯ್ಯ ಬಾಯಿ ತೆರೆದರು. 65 ವರ್ಷದ ಆ ಮನುಷ್ಯ ಜುಹೂವಿನ ರಸ್ತೆ ಬದಿಯ ಕಟ್ಟೆಯಲ್ಲಿ ಕೂತು ಹುಡುಗಿಯೊಬ್ಬಳ ಕೈಯಿಂದ ಪಿಸ್ತಾ ಜೆಲಾಟೊ ತಿನ್ನಿಸಿಕೊಂಡದ್ದನ್ನು ನಾನು ಫೋಟೊ ತೆಗೆಯಲಿಲ್ಲ. ತೆಗೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ತಳದಲ್ಲಿ ಕರಗಿ ಉಳಿದದ್ದನ್ನು ಕಪ್ಪು ಎತ್ತಿ ಕುಡಿದರು, ಚಹಾದ ಬಸಿಯಿಂದ ಕುಡಿಯುವ ಹಾಗೆ.

ಏಪ್ರಿಲಿನಲ್ಲಿ ಅವರು ಊರಿಗೆ ಹೋದರು. ಜೂನ್ ತಿಂಗಳ ಒಂದು ಮಧ್ಯಾಹ್ನ, ಊರಲ್ಲಿ ಮಳೆ ಹಿಡಿದಿತ್ತು, ಅಮ್ಮನಿಗೆ ಫೋನು ಮಾಡಿದೆ. ಸುಮಾರು ಒಂದು ಗಂಟೆ. ಆ ಹೊತ್ತಿಗೆ ಮಾಡಿದರೆ ಅವಳು ಸಾಮಾನ್ಯವಾಗಿ ಅಡುಗೆಮನೆಯಲ್ಲಿ ನಿಂತೇ ಮಾತಾಡುತ್ತಾಳೆ. ಅಪ್ಪಯ್ಯನಿಗೆ ಬಡಿಸುತ್ತಾ, ಬೆಕ್ಕನ್ನು ಓಡಿಸುತ್ತಾ, ಮನೆಯ ಸುದ್ದಿ, ನೆರೆಮನೆಯ ಸುದ್ದಿ ಎಲ್ಲ ಹೇಳುತ್ತಾಳೆ. ಫೋನು ಇಡುವುದು ಯಾವಾಗಲೂ ನಾನೇ, ಅವಳಲ್ಲ.

ಅವತ್ತು ಅವಳ ದನಿ ಬೇರೆಯಿತ್ತು. ನಿನ್ನ ಅಪ್ಪಯ್ಯ ಬೆಳಿಗ್ಗೆಯಿಂದ ಏನೋ ಕೆಲಸ ಹಚ್ಚಿಕೊಂಡಿದ್ದಾರೆ ಎಂದಳು. ಅಟ್ಟದ ಮೇಲಿದ್ದ ಹಳೇ ಬೀಡಿನ ಸಣ್ಣ ಕಾವಲಿ, ನನ್ನ ಅಜ್ಜಿಯ ಕಾಲದ್ದು, ಅದನ್ನು ಇಳಿಸಿ ಬೂದಿ ಹುಳಿ ಹಾಕಿ ಉಜ್ಜಿದ್ದಾರೆ. ಹಲಸಿನ ಹಲಗೆಯ ತುಂಡಿನಲ್ಲಿ ಅದು ಕೂರುವ ಹಾಗೆ ಕುಳಿ ಕೆತ್ತಿದ್ದಾರೆ. ಒಲೆಯಲ್ಲಿ ಕೆಂಡ ಮಾಡಿ ಕಾವಲಿ ಇಟ್ಟು, ಎರಡು ಸಲ ನೀರು ಎರಚಿ ಕಿವಿಗೊಟ್ಟಿದ್ದಾರೆ. ಕ್ಯಾಬೇಜು ಇರಲಿಲ್ಲ, ಹಿತ್ತಿಲಿನ ಅರಿಶಿನದ ಎಲೆ ಹಾಸಿದ್ದಾರೆ. ಅದರ ಮೇಲೆ ಕುಚ್ಚಲಕ್ಕಿ ಅನ್ನ, ಬದಿಗೆ ಗುಜ್ಜೆ ಪಲ್ಯ, ಸುತ್ತ ಸಾರು.

"ನಂಗೇ ಮೊದ್ಲ್ ಕೂಕೊ ಅಂತ್ರ್" ಅಂದಳು. ಅವಳಿಗೆ ನಾಚಿಕೆಯೂ ಆಗಿತ್ತು.

ಹಿಂದಿನಿಂದ ಸದ್ದು ಕೇಳಿಸಿತು. ಮಳೆಯ ಸದ್ದಿನ ಒಳಗೆ, ಸಣ್ಣಗೆ, ಬಿಟ್ಟು ಬಿಟ್ಟು. ಇನ್ನೂ ಏನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅಮ್ಮನೇ, "ಫೋನ್ ಇಡ್ತೆ ಮಗಾ, ಬಿಸಿ ಆರಿ ಹೋತ್ತ್" ಎಂದು ಫೋನು ಇಟ್ಟಳು.